ಹೊರದೇಶದಲ್ಲಿ ಮನೆ ಮಾಡುವ ಆಸೆಯೇ? ಸೈಟು ಮಾರುವ ಮೊದಲು ಇದನ್ನು ಓದಿ

ಮೈಸೂರಿನ ವಿಜಯನಗರದಲ್ಲಿ ಒಂದು ಸೈಟು, ಊರ ಕಡೆ ಮದ್ದೂರೋ ಪಾಂಡವಪುರವೋ ಎರಡು ಎಕರೆ ಗದ್ದೆ. ಇವೆರಡನ್ನೂ ಮಾರಿ ಹೊರದೇಶದಲ್ಲಿ ಮನೆ ತಗೊಂಡು ಅಲ್ಲೇ ಇದ್ದುಬಿಟ್ಟರೆ ಹೇಗೆ? ಈ ಯೋಚನೆ ಸಾಫ್ಟ್‌ವೇರ್ ಹುಡುಗರಿಗಷ್ಟೇ ಅಲ್ಲ, ಮಕ್ಕಳು ಹೊರಗಿರುವ ನಿವೃತ್ತ ಅಪ್ಪ ಅಮ್ಮಂದಿರಿಗೂ ಬರುತ್ತದೆ. ಆಸೆಯೇನೋ ಸರಿ. ಆದರೆ ಬಹಳ ಜನ ಸೈಟಿಗೆ ಗಿರಾಕಿ ಹುಡುಕುವುದರಿಂದ ಶುರು ಮಾಡುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ.

ಹಂತ 1: ಮೊದಲು ಇರಲು ಅನುಮತಿ

ಮನೆ ಕೊಂಡರೆ ಅಲ್ಲಿರಲು ವೀಸಾ ತಾನಾಗೇ ಸಿಗುತ್ತದೆ ಅಂದುಕೊಂಡವರು ಜಾಸ್ತಿ. ಹೆಚ್ಚಿನ ದೇಶಗಳಲ್ಲಿ ಹಾಗಿಲ್ಲ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ದುಡ್ಡಿದ್ದರೆ ಯಾರು ಬೇಕಾದರೂ ಮನೆ ಕೊಳ್ಳಬಹುದು. ಆದರೆ ಆ ಮನೆಯಲ್ಲಿ ಇರಲು ಬೇರೆಯೇ ವೀಸಾ ಬೇಕು. ಪ್ರವಾಸಿ ವೀಸಾದಲ್ಲಿ ಹೋದರೆ ಸ್ವಂತ ಮನೆಯಲ್ಲೂ ನೀವು ನೆಂಟರೇ.

ಮನೆ ಕೊಂಡರೆ ವೀಸಾ ಕೊಡುವ ದೇಶಗಳೂ ಇವೆ. ದುಬೈನಲ್ಲಿ 20 ಲಕ್ಷ ದಿರ್ಹಾಂ ಬೆಲೆಯ ಆಸ್ತಿಗೆ 10 ವರ್ಷದ ಗೋಲ್ಡನ್ ವೀಸಾ ಇದೆ. ಆದರೆ ಅದು ಪೌರತ್ವದ ದಾರಿ ಅಲ್ಲ. ಯುರೋಪಿನಲ್ಲಿ ಈ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಪೋರ್ಚುಗಲ್ 2023ರಲ್ಲಿ ಮನೆ ಕೊಂಡವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಗ್ರೀಸ್‌ನಲ್ಲಿ ಇನ್ನೂ ಇದೆ, ಆದರೆ ಅಥೆನ್ಸ್ ಸುತ್ತಮುತ್ತ ಕನಿಷ್ಠ ಮೊತ್ತವನ್ನು 8 ಲಕ್ಷ ಯೂರೋಗೆ ಏರಿಸಿದ್ದಾರೆ. ಹಳೆಯ ಯೂಟ್ಯೂಬ್ ವಿಡಿಯೊ ನಂಬಿಕೊಂಡು ಏಜೆಂಟಿಗೆ ಅಡ್ವಾನ್ಸ್ ಕೊಡಬೇಡಿ.

ಇನ್ನು ಕೆಲವು ಕಡೆ ಹೊರಗಿನವರಿಗೆ ಮನೆ ಕೊಳ್ಳಲು ಬಿಡುವುದೇ ಇಲ್ಲ. ಕೆನಡಾ 2023ರ ಜನವರಿಯಲ್ಲಿ ನಗರಗಳಲ್ಲಿ ವಿದೇಶಿಯರು ಮನೆ ಕೊಳ್ಳುವುದನ್ನು ತಡೆಯಿತು, ಮತ್ತೆ ಅದನ್ನು 2027ರ ಜನವರಿ 1ರವರೆಗೆ ಮುಂದುವರಿಸಿತು. ಕಾಯಂ ನಿವಾಸಿಗಳಿಗೆ ಅಡ್ಡಿಯಿಲ್ಲ. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ ಹಳೆಯ ಮನೆ ಕೊಳ್ಳುವುದಕ್ಕೆ ಇಂಥದೇ ತಡೆ ಹಾಕಿತು. ಸಿಂಗಪುರದಲ್ಲಿ ಕೊಳ್ಳಬಹುದು, ಆದರೆ ವಿದೇಶಿಯರಿಗೆ ಮನೆ ಬೆಲೆಯ ಶೇ 60ರಷ್ಟು ಹೆಚ್ಚುವರಿ ಸ್ಟಾಂಪ್ ಡ್ಯೂಟಿ. ಅಲ್ಲಿ ಬಾಡಿಗೆಗೆ ಇರುವುದೇ ವಾಸಿ ಅಲ್ವಾ?

ಹಾಗಾಗಿ ಕೆಲಸ, ಓದು, ಮಕ್ಕಳ ಪ್ರಾಯೋಜಕತ್ವ, ಹೂಡಿಕೆ ಇವುಗಳಲ್ಲಿ ನಿಮಗೆ ಯಾವ ದಾರಿ ಇದೆ ಎಂದು ಮೊದಲು ನೋಡಿ. ಅಪ್ಪ ಅಮ್ಮನಿಗೆ ಕೆನಡಾದ ಸೂಪರ್ ವೀಸಾದಲ್ಲಿ ಒಮ್ಮೆಗೆ 5 ವರ್ಷ ಇರುವ ಅವಕಾಶ ಇದೆ. ಅಮೆರಿಕದ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳು ಅಷ್ಟೇ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ವಲಸೆ ಸಲಹೆ ಕೊಡುವವರು ನೋಂದಣಿ ಮಾಡಿಸಿರಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸರಸ್ವತಿಪುರಂನಲ್ಲೇ ಬೋರ್ಡು ಹಾಕಿರಲಿ, ಬೆಂಗಳೂರಿನವರೇ ಆಗಿರಲಿ, ಅವರ ಹೆಸರು ಅಲ್ಲಿದೆಯಾ ನೋಡಿ.

ಹಂತ 2: ಹೆಸರು ಸರಿ ಮಾಡಿಸಿ

ಇದು ನಮ್ಮ ಕಡೆಯವರ ವಿಶೇಷ ತಲೆನೋವು. ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿಬಿಡುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಹಣಿಯಲ್ಲಿ 'ಬಿನ್' ಹಾಕಿ ಮತ್ತೊಂದು ಥರ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್ಎನ್‌ಯು' ಎಂದು ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು. ಮುಂದೆ ಬ್ಯಾಂಕು, ಲೈಸೆನ್ಸು, ಮನೆ ಪತ್ರ ಎಲ್ಲದರಲ್ಲೂ ಅದೇ ಹಿಂಬಾಲಿಸುತ್ತದೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನೇ ನಿಲ್ಲಿಸಿತು.

ಆದ್ದರಿಂದ ಇನಿಷಿಯಲ್ ಬಿಡಿಸಿ, ಎಲ್ಲ ದಾಖಲೆಯಲ್ಲೂ ಒಂದೇ ಹೆಸರು ಬರುವಂತೆ ಈಗಲೇ ಮಾಡಿಸಿ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2017ರ ಜನವರಿಯಲ್ಲಿ ಶುರುವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಜನನ, ಮದುವೆ ಮತ್ತು ಪದವಿ ಪತ್ರಗಳಿಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆಯೂ ಬೇಕಾಗುತ್ತದೆ, ಅಂದರೆ ಪತ್ರ ಅಸಲಿ ಎಂದು ಹೊರದೇಶಕ್ಕೆ ತೋರಿಸುವ ಗುರುತು. ಯುಎಇಗೆ ಅದು ಸಾಲದು, ಅವರ ರಾಯಭಾರ ಕಚೇರಿಯ ದೃಢೀಕರಣ ಬೇಕು.

ಹಂತ 3: ದುಡ್ಡು ದಾಟಿಸುವ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಡವುವುದು ಇಲ್ಲೇ.

ಭಾರತದಲ್ಲಿ ವಾಸವಿರುವ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಇದು ರಿಸರ್ವ್ ಬ್ಯಾಂಕಿನ ಎಲ್ಆರ್‌ಎಸ್ ಯೋಜನೆ. 2004ರಲ್ಲಿ ಶುರುವಾದಾಗ ಮಿತಿ ಬರೀ 25 ಸಾವಿರ ಡಾಲರ್ ಇತ್ತು. ಡಾಲರ್‌ಗೆ 90 ರೂಪಾಯಿ ಎಂದು ಹಿಡಿದರೆ ಈಗಿನ ಮಿತಿ 2.25 ಕೋಟಿ ರೂಪಾಯಿ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಅದರ ಎರಡರಷ್ಟು. ಪ್ಯಾನ್ ಕಡ್ಡಾಯ, ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು. ಕೊಳ್ಳುವವರು ಮಾತ್ರ ಅಲ್ಲ, ಅಮೆರಿಕದಲ್ಲಿ ಮನೆ ಕೊಳ್ಳುವ ಮಗನಿಗೆ ಡೌನ್ ಪೇಮೆಂಟ್ ಕಳಿಸುವ ಅಪ್ಪ ಅಮ್ಮನಿಗೂ ಇದೇ ಮಿತಿ. ಅಲ್ಲಿನ ಬ್ಯಾಂಕು ಇದು ಸಾಲವಲ್ಲ, ಉಡುಗೊರೆ ಎಂದು ನಿಮ್ಮಿಂದ ಪತ್ರ ಬರೆಸಿಕೊಳ್ಳುತ್ತದೆ.

ಈಗ ಟಿಸಿಎಸ್ ವಿಷಯ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ, ಮನೆ ಕೊಳ್ಳಲಾಗಲಿ ಉಡುಗೊರೆಗಾಗಲಿ, ಬ್ಯಾಂಕು ಶೇ 20ರಷ್ಟು ತೆರಿಗೆ ವಸೂಲಿ ಮಾಡುತ್ತದೆ. ಮೊದಲು ಈ ಗಡಿ 7 ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ ಆಯಿತು. ಅಂದರೆ ಒಬ್ಬರ ಹೆಸರಿನಲ್ಲಿ 2 ಕೋಟಿ ಕಳಿಸಿದರೆ 1.90 ಕೋಟಿಯ ಮೇಲೆ 38 ಲಕ್ಷ ರೂಪಾಯಿ ಟಿಸಿಎಸ್. ಇಬ್ಬರು ತಲಾ ಒಂದು ಕೋಟಿ ಕಳಿಸಿದರೆ ಒಟ್ಟು 36 ಲಕ್ಷ. ಮಾರ್ಚ್‌ನಲ್ಲಿ ಒಂದಷ್ಟು, ಏಪ್ರಿಲ್‌ನಲ್ಲಿ ಒಂದಷ್ಟು ಕಳಿಸಿದರೆ ಎರಡು ವರ್ಷದ 10 ಲಕ್ಷಗಳೂ ಸಿಗುತ್ತವೆ. ಈ ದುಡ್ಡು ಮುಳುಗುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಹಾಕಿದಾಗ ನಿಮ್ಮ ತೆರಿಗೆಗೆ ವಜಾ ಆಗಿ ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ 2 ಕೋಟಿಯ ಮನೆಗೆ ಕೈಯಲ್ಲಿ 2.38 ಕೋಟಿ ಇರಬೇಕು.

ಕುವೆಂಪುನಗರದ ಮನೆ ಅಡ ಇಟ್ಟು ಸಾಲ ತೆಗೆದು ಕಳಿಸೋಣ ಎನ್ನುವವರಿದ್ದಾರೆ. ಹೊರಗೆ ಆಸ್ತಿ ಕೊಳ್ಳಲು ಹೀಗೆ ದುಡ್ಡು ಕಳಿಸುವವರಿಗೆ ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಹವಾಲಾ ಮಾತಂತೂ ಬೇಡವೇ ಬೇಡ.

ಇನ್ನೊಂದು ಪೆಟ್ಟು ಬೀಳುವುದು ಇಲ್ಲಿನ ಮನೆ ಮಾರಿದಾಗ. ಮನೆ ಮಾರಿದ ಲಾಭದಲ್ಲಿ ಇನ್ನೊಂದು ಮನೆ ಕೊಂಡರೆ ತೆರಿಗೆ ವಿನಾಯಿತಿ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಆ ಹೊಸ ಮನೆ ಭಾರತದಲ್ಲೇ ಇರಬೇಕು. 2014ರ ಬಜೆಟ್‌ನಲ್ಲಿ ಇದನ್ನು ಖಚಿತ ಮಾಡಿದರು. ಟೊರಾಂಟೊದ ಮನೆಗೆ ಆ ವಿನಾಯಿತಿ ಇಲ್ಲ. ಹಳ್ಳಿಯ ಸಾಗುವಳಿ ಜಮೀನಿನ ಕಥೆ ಬೇರೆ. ಮಂಡ್ಯದಂಥ ನಗರದ ಗಡಿಯಿಂದ 6 ಕಿ.ಮೀ.ಗಿಂತ ಆಚೆ ಇರುವ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. ಆ ದೂರ ಅಳೆಯುವುದು ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ. ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ.

ಮಾರುವ ಸಮಯವೂ ಮುಖ್ಯ. ಇಲ್ಲಿ ವಾಸವಿದ್ದು 50 ಲಕ್ಷ ಅಥವಾ ಅದಕ್ಕೂ ಜಾಸ್ತಿ ಬೆಲೆಗೆ ಮಾರಿದರೆ ಕೊಳ್ಳುವವರು ಬೆಲೆಯಲ್ಲೇ ಮುಂಗಡ ತೆರಿಗೆಯಾಗಿ ಹಿಡಿಯುವ ಟಿಡಿಎಸ್ ಶೇ 1. ಹೊರದೇಶದಲ್ಲಿ ನೆಲೆಸಿ ಎನ್ಆರ್‌ಐ ಆದ ಮೇಲೆ ಹಳೆಯ ಆಸ್ತಿ ಮಾರಿದರೆ ಶೇ 12.5 ಮತ್ತು ಮೇಲೊಂದಿಷ್ಟು. ಕಡಿಮೆ ಹಿಡಿಯಲು ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಎನ್ಆರ್‌ಐ ಆದವರಿಗೆ ಒಂದು ಅನುಕೂಲವೂ ಇದೆ. ಎನ್ಆರ್‌ಐಗಳು ಇಲ್ಲಿನ ದುಡ್ಡು ಇಡುವ ಎನ್ಆರ್‌ಒ ಖಾತೆಯಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಅಲ್ಲಿ ಈ ಶೇ 20ರ ಕಾಟ ಇಲ್ಲ.

ಹಂತ 4: ಮೊದಲು ಬಾಡಿಗೆಗೆ ಇರಿ

ನನ್ನ ಅಭಿಪ್ರಾಯ ಕೇಳಿದರೆ, ಹೋದ ತಕ್ಷಣ ಮನೆ ಕೊಳ್ಳಬೇಡಿ. ಒಂದು ಚಳಿಗಾಲ ಅಲ್ಲಿ ಕಳೆಯಿರಿ. ಮೈಸೂರಿನ ಡಿಸೆಂಬರ್‌ಗೆ ಸ್ವೆಟರ್ ಹಾಕುವವರಿಗೆ ಕೆನಡಾದ ಜನವರಿ ಏನೆಂದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ತಿಂಗಳ ಖರ್ಚೂ ಕಣ್ಣಿಗೆ ಕಾಣುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಆಸ್ತಿ ತೆರಿಗೆ ವರ್ಷಕ್ಕೆ ಮನೆ ಬೆಲೆಯ ಶೇ 1ರಿಂದ 2ರವರೆಗೆ ಬರುತ್ತದೆ. ಇಲ್ಲಿನ ಪಾಲಿಕೆ ಕಂದಾಯ ಕಟ್ಟಿ ಅಭ್ಯಾಸವಾದವರಿಗೆ ಎದೆ ಝಲ್ಲೆನ್ನುತ್ತದೆ. ಬ್ರಿಟನ್ನಿನಲ್ಲಿ ಫ್ಲ್ಯಾಟುಗಳು ಹೆಚ್ಚಾಗಿ ಲೀಸ್‌ಹೋಲ್ಡ್, ಅಂದರೆ ಇಂತಿಷ್ಟು ವರ್ಷಕ್ಕೆ ಮಾತ್ರ ಹಕ್ಕು, ಹಾಗಾಗಿ ಎಷ್ಟು ವರ್ಷದ ಲೀಸ್ ಉಳಿದಿದೆ ನೋಡಬೇಕು. ದುಬೈನಲ್ಲಿ ನೋಂದಣಿಗೇ ಶೇ 4. ಕೊಳ್ಳುವಾಗ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಬಿಲ್ಡರ್ ತೋರಿಸಿದವರನ್ನಲ್ಲ.

ಮನೆ ಅಲ್ಲಿದ್ದು ನೀವು ಇನ್ನೂ ಇಲ್ಲೇ ವಾಸವಿದ್ದರೆ, ಬಾಡಿಗೆ ಬರಲಿ ಬಿಡಲಿ, ಅದನ್ನು ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಎಂದು ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಹಂತ 5: ಹೊರಡುವ ಮೊದಲು ಊರಿನ ಪೇಪರ್ರು

ತಾತನ ಹೆಸರಿನಲ್ಲೇ ಇರುವ ಪಹಣಿಗಳು ಮಂಡ್ಯದ ಕಡೆ ಬೇಕಾದಷ್ಟಿವೆ. ಪೌತಿ ಖಾತೆ, ಅಣ್ಣತಮ್ಮಂದಿರ ವಿಭಾಗ ಪತ್ರ ಎಲ್ಲವನ್ನೂ ನೀವು ಊರಲ್ಲಿರುವಾಗಲೇ ಮುಗಿಸಿ. ಬೇರೆ ದೇಶದ ಪೌರತ್ವ ತಗೊಂಡರೆ ಭಾರತದ್ದು ಹೋಗುತ್ತದೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬಹುದು. ಆಗ ಇದ್ದ ಜಮೀನು, ಪಾಲಿಗೆ ಬಂದ ಜಮೀನು ಉಳಿಯುತ್ತದೆ. ಆದರೆ ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಎನ್ಆರ್‌ಐಗಳಿಗೂ ಇದೇ ನಿಯಮ. ಗದ್ದೆ ಮಾರಿ, ಆಮೇಲೆ ಮನಸ್ಸು ಬದಲಾದರೆ ಹೊರಗಿದ್ದುಕೊಂಡು ಮತ್ತೆ ಕೊಳ್ಳಲು ಆಗುವುದಿಲ್ಲ. ಹಾಗಾಗಿ ಸೈಟು ಮೊದಲು, ಗದ್ದೆ ಆಮೇಲೆ ಎನ್ನುತ್ತೇನೆ.

ಬ್ಯಾಂಕಿಗೆ ಹೇಳಿ ಉಳಿತಾಯ ಖಾತೆಯನ್ನು ಎನ್ಆರ್‌ಒ ಮಾಡಿಸಿ. ನಂಬಿಕೆಯ ಒಬ್ಬರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಬರೆದುಕೊಡಿ, ಯಾವ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆಯಿರಿ. ಹೋದ ಮೇಲೆ ಬರೆಯುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಆಸ್ತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಸಹಿಯೂ ಬೇಕು.