ಬಾಡಿಗೆ ಮನೆ ನೋಡಲು ಆಷಾಢವೇ ಸರಿ

ಶಿವಮೊಗ್ಗದಲ್ಲಿ ಬಾಡಿಗೆ ಮನೆಗಳ ಹುಡುಕಾಟ ಜೋರಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಶಾಲೆಗೆ ರಜೆ, ನೌಕರರಿಗೆ ವರ್ಗಾವಣೆ, ಎಲ್ಲ ಒಟ್ಟಿಗೇ ಬರುತ್ತವೆ. ಆ ಬಿಸಿಲಲ್ಲಿ ಯಾವ ಮನೆಯೂ ಕೆಟ್ಟದಾಗಿ ಕಾಣುವುದಿಲ್ಲ. ಗೋಡೆ ಒಣಗಿರುತ್ತದೆ, ಹೊಸದಾಗಿ ಬಣ್ಣ ಬಳಿದಿರುತ್ತಾರೆ, ಕಿಟಕಿ ತೆಗೆದರೆ ಗಾಳಿ ಬರುತ್ತದೆ. ಪುನರ್ವಸು ಮಳೆ ಹಿಡಿದ ಮೇಲೆ ಅದೇ ಮನೆಯ ಬಣ್ಣ ಬಯಲಾಗುತ್ತದೆ.

ಹಾಗಾಗಿ ನಾನು ಮನೆ ನೋಡುವುದು ಆಷಾಢದಲ್ಲಿ. ಆ ತಿಂಗಳು ಹೊಸ ಮನೆಯಲ್ಲಿ ಹಾಲುಕ್ಕಿಸಲು ಹೆಚ್ಚಿನವರು ಒಪ್ಪುವುದಿಲ್ಲ. ಖಾಲಿ ಬಿದ್ದ ಮನೆ ಶ್ರಾವಣದವರೆಗೂ ಖಾಲಿಯೇ ಉಳಿಯುವುದರಿಂದ ಓನರಿಗೆ ಒಂದು ತಿಂಗಳ ಬಾಡಿಗೆ ಹೋಗುತ್ತದಲ್ಲ ಎಂಬ ಚಿಂತೆ ಇರುತ್ತದೆ. ನಮಗೆ ಚೌಕಾಸಿಗೆ ಜಾಗ ಸಿಗುತ್ತದೆ, ಮನೆಯನ್ನು ಮಳೆಯಲ್ಲೇ ನೋಡಿದ ಹಾಗೂ ಆಗುತ್ತದೆ. ಸಾಧ್ಯವಾದರೆ ಎರಡು ಸಲ ಹೋಗುತ್ತೇನೆ. ಒಮ್ಮೆ ಮಳೆ ಹೊಡೆಯುತ್ತಿರುವಾಗ, ಇನ್ನೊಮ್ಮೆ ಮಳೆ ಬಿಟ್ಟು ಒಂದು ದಿನ ಆದ ಮೇಲೆ. ಸೋರುವುದು ಮೊದಲ ಸಲ ಕಾಣುತ್ತದೆ, ಗೋಡೆ ಕುಡಿದ ನೀರು ಎರಡನೇ ಸಲ.

ಮನೆಯೊಳಗೆ ಕಾಲಿಟ್ಟ ಕೂಡಲೇ ಫೋನಿನ ದಿಕ್ಸೂಚಿ ತೆರೆದು ಪಡುವಣ ಗೋಡೆ ಯಾವುದೆಂದು ಗುರುತು ಮಾಡಿಕೊಳ್ಳುತ್ತೇನೆ. ನಮ್ಮಲ್ಲಿ ಮುಂಗಾರಿನ ಗಾಳಿ ಬರುವುದು ಪಶ್ಚಿಮ, ನೈರುತ್ಯದಿಂದ. ಇರಚಲು ಬಡಿಯುವುದೂ ಆ ಗೋಡೆಗೇ. ಆ ಕಡೆ ಪಕ್ಕದ ಮನೆ ಅಡ್ಡ ನಿಂತಿದ್ದರೆ ಅದೃಷ್ಟ. ಖಾಲಿ ಸೈಟು ಇದ್ದು, ಸಜ್ಜ ಒಂದಡಿಯಷ್ಟೇ ಹೊರಬಂದಿದ್ದರೆ ಆ ಕೋಣೆಯನ್ನು ಮಲಗುವ ಕೋಣೆ ಎಂದು ಲೆಕ್ಕ ಹಿಡಿಯಬೇಡಿ. ವಿನೋಬನಗರ, ಗೋಪಾಳದಂಥ ಒತ್ತಾಗಿ ಕಟ್ಟಿದ ಬಡಾವಣೆಗಳಲ್ಲಿ ಮನೆಗೆ ಮನೆಯೇ ಕೊಡೆ. ಊರಿನ ಅಂಚಿನ ಹೊಸ ಲೇಔಟುಗಳಲ್ಲಿ ಒಂಟಿಯಾಗಿ ನಿಂತ ಮನೆ ನೋಡಲು ಚಂದ, ಆದರೆ ನಾಲ್ಕೂ ಕಡೆಯಿಂದ ನೆನೆಯುತ್ತದೆ.

ಗೋಡೆಯ ತೇವದಲ್ಲಿ ನಾಲ್ಕು ಜಾತಿ ಇದೆ. ಬೇರೆ ಮಾಡಿ ನೋಡದಿದ್ದರೆ ಓನರು ಹೇಳಿದ್ದೇ ಸತ್ಯವಾಗುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಪಟ್ಟಿ ಹೊಡೆದಂತೆ ಒದ್ದೆಯಾಗಿ, ಬಣ್ಣ ಚಕ್ಕೆ ಏಳುತ್ತಿದ್ದು, ಕೈ ಸವರಿದರೆ ಬಿಳಿ ಉಪ್ಪಿನ ಪುಡಿ ಹತ್ತಿದರೆ ಅದು ಪಾಯದಿಂದ ಮೇಲೇರಿದ ನೀರು. ಬಣ್ಣ ಬಳಿದರೆ ಅದು ಹೋಗುವುದಿಲ್ಲ, ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು. ಇಂಥ ಮನೆಯನ್ನು ನಾನು ಬಿಟ್ಟುಬಿಡುತ್ತೇನೆ. ಕಿಟಕಿಯ ಕೆಳಗೆ, ಗೋಡೆಯ ನಡುವೆ ನಕ್ಷೆಯಂತೆ ಹರಡಿದ ಕಲೆ ಇದ್ದರೆ ಹೊರಗಿನ ಬಿರುಕಿನಿಂದ ಬಂದ ನೀರು. ಹೊರಗೋಡೆಯ ಬಿರುಕು ತುಂಬಿಸಿ ಬಣ್ಣ ಹೊಡೆಸಿದರೆ ಸರಿಹೋಗುವ ಕಾಯಿಲೆ ಇದು. ಚಾವಣಿಯಲ್ಲಿ ಕಂದು ಅಂಚಿನ ಹಳದಿ ಉಂಗುರ ಕಂಡರೆ ತಾರಸಿ ಸೋರುತ್ತಿದೆ, ಇಲ್ಲವೇ ಮೇಲಿನ ಮನೆಯ ಬಚ್ಚಲು. ಬೀರುವಿನ ಹಿಂದೆ, ಕೋಣೆಯ ಮೂಲೆಯಲ್ಲಿ ಕರಿ ಚುಕ್ಕೆಯ ಬೂಸ್ಟು ಮಾತ್ರ ಇದ್ದರೆ ಅದು ಗಾಳಿಯಾಡದೆ ಬಂದದ್ದು, ಹೆಚ್ಚಾಗಿ ವಾಸ ಮಾಡಿದವರದೇ ತಪ್ಪು.

ಅನುಮಾನ ಬಂದರೆ ಪರೀಕ್ಷೆ ಸುಲಭ. ಒಂದಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪು ಹಾಕಿ ಅಂಟಿಸಿ ಒಂದು ದಿನ ಬಿಡಿ. ಹನಿ ಹಾಳೆಯ ಒಳಮೈಗೆ ಕಟ್ಟಿದ್ದರೆ ತೇವ ಗೋಡೆಯದು, ಹೊರಮೈಗೆ ಕಟ್ಟಿದ್ದರೆ ಕೋಣೆಯ ಗಾಳಿಯದು. "ಮಲೆನಾಡಲ್ವಾ ಮಾರಾಯ್ರೆ, ಸ್ವಲ್ಪ ಥಂಡಿ ಇದ್ದೇ ಇರುತ್ತೆ" ಎಂಬ ಮಾತಿಗೆ ಈ ಹಾಳೆಗಿಂತ ಒಳ್ಳೆಯ ಉತ್ತರವಿಲ್ಲ. ಹಾಳೆ ಅಂಟಿಸಲು ಬಿಡದಿದ್ದರೆ ಬೆರಳಿನ ಗೆಣ್ಣಿನಿಂದ ಗೋಡೆ ಬಡಿಯುತ್ತಾ ಹೋಗಿ. ಗಾರೆ ಬಿಟ್ಟ ಜಾಗ ಟೊಳ್ಳಾಗಿ ಸದ್ದು ಮಾಡುತ್ತದೆ. ಗೋಡೆ ಬೀರುಗಳ ಕೆಳಗಿನ ಖಾನೆ ತೆಗೆದು ಮೂಸಿ ನೋಡಿ. ಬಣ್ಣಕ್ಕೆ ಸಿಗದ ಜಾಗ ಅದು, ಪ್ಲೈವುಡ್ಡು ಉಬ್ಬಿದ್ದರೆ ಮೂರು ವರ್ಷದ ಚರಿತ್ರೆ ಅಲ್ಲೇ ಸಿಗುತ್ತದೆ. ಬಾಗಿಲ ಚೌಕಟ್ಟಿನ ಬುಡವನ್ನು ಬೀಗದ ಕೈಯಿಂದ ಒತ್ತಿ. ಒಳಗಿಳಿದರೆ ಗೆದ್ದಲು.

ಆಮೇಲೆ ತಾರಸಿ. ಬಾಗಿಲ ಕೀಲಿ ಕೊಡಲು ಹಿಂದೆಮುಂದೆ ನೋಡಿದರೂ ಹತ್ತಲೇಬೇಕು. 1,000 ಚದರಡಿ ತಾರಸಿಯ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು, ಅಂದರೆ ಸಣ್ಣ ಟ್ಯಾಂಕರ್‌ ಎರಡರಷ್ಟು. ಅಷ್ಟೂ ಹೊರಹೋಗಲು ಒಂದೇ ಪೈಪು ಇದ್ದು ಅದರ ಬಾಯಿಗೆ ಮಾವಿನೆಲೆ ಕುಳಿತರೆ ತಾರಸಿ ಕೆರೆ. ಕನಿಷ್ಠ ಎರಡು ಕಡೆ ನಾಲ್ಕಿಂಚಿನ ಪೈಪು, ಬಾಯಿಗೆ ಜಾಲರಿ ಇರಬೇಕು. ಮಳೆ ಇಲ್ಲದ ದಿನ ಹೋದರೆ ಎರಡು ಬಕೆಟ್ ನೀರು ದೂರದ ಮೂಲೆಗೆ ಸುರಿದು ನೋಡುತ್ತೇನೆ. ಪೈಪಿನ ಕಡೆ ಹರಿದರೆ ಇಳಿಜಾರು ಸರಿ, ನಿಂತರೆ ಅಲ್ಲೇ ಕೆಳಗೆ ಉಂಗುರ ಮೂಡುತ್ತದೆ. ತಾರಸಿಯ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ಹಾಕಿ ಶೀಟು ಹೊದಿಸಿದ ಮನೆ ಸಿಕ್ಕರೆ ಐನೂರು ರೂಪಾಯಿ ಹೆಚ್ಚು ಕೊಡಬಹುದು. ಸೋರಿಕೆಯೂ ತಪ್ಪಿತು, ಬಟ್ಟೆ ಒಣಗಿಸಲು ಜಾಗವೂ ಸಿಕ್ಕಿತು. ಶೀಟು ಪಡುವಣಕ್ಕೆ ಎರಡಡಿಯಾದರೂ ಹೊರಚಾಚಿರಬೇಕು, ಸ್ಕ್ರೂಗಳಡಿ ರಬ್ಬರ್ ವಾಷರ್ ಇರಬೇಕು. ಮಳೆಯ ಸದ್ದಿಗೆ ಫೋನಿನಲ್ಲಿ ಮಾತಾಡಲಾಗದು ಎಂಬುದೊಂದು ಕೊರತೆ.

ತೀರ್ಥಹಳ್ಳಿ, ಹೊಸನಗರದ ಕಡೆ ಹೋದಂತೆ ಲೆಕ್ಕ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಸುರಿಯುವ ಮಳೆ ಪೂರ್ವಕ್ಕೆ ಬರುತ್ತಾ ಬರುತ್ತಾ ಇಳಿದು, ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಅದರ ಸಣ್ಣ ಪಾಲು ಮಾತ್ರ ಉಳಿಯುತ್ತದೆ. ಆ ಕಡೆ ಹಳೆಯ ಹಂಚಿನ ಮನೆ, ಜಂಬಿಟ್ಟಿಗೆ ಗೋಡೆಯ ಮನೆ ಬಾಡಿಗೆಗೆ ಸಿಗುತ್ತವೆ. ನನ್ನ ಮಟ್ಟಿಗೆ ಅರೆಬರೆ ಕಟ್ಟಿದ ಆರ್‌ಸಿಸಿಗಿಂತ ಚೆನ್ನಾಗಿ ನೋಡಿಕೊಂಡ ಹಂಚಿನ ಮನೆಯೇ ವಾಸಿ. ಮಾಡು ಚಾಚಿಕೊಂಡಿರುವುದರಿಂದ ಗೋಡೆ ನೆನೆಯುವುದಿಲ್ಲ. ಆದರೆ ಪ್ರತಿ ವರ್ಷ ಮೇ ತಿಂಗಳೊಳಗೆ ಹಂಚು ಕೈಯಾಡಿಸಲೇಬೇಕು. ಮಂಗ ಕುಣಿದು ಸರಿಸಿದ ಹಂಚು, ಬಿರಿದ ಹಂಚು, ಮಾಡಿನ ತುದಿಗೆ ಕವುಚಿದ ಹಂಚಿನ ಗಾರೆ ಎಲ್ಲ ಆಗಲೇ ಸರಿಯಾಗಬೇಕು, ಜೂನ್‌ನಲ್ಲಿ ಪಾಚಿ ಕಟ್ಟಿದ ಮಾಡಿಗೆ ಯಾರೂ ಹತ್ತುವುದಿಲ್ಲ. ಕೆಲಸದವರ ಕೂಲಿ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ, ಅದೇ ಅಳತೆಯ ಇಪ್ಪತ್ತು ಹಂಚು ಅಟ್ಟದಲ್ಲಿ ಇಡಿಸಿಕೊಳ್ಳಿ. ಹಳೆಯ ಅಚ್ಚಿನ ಹಂಚಿಗೆ ಹೊಸದು ಕೂರುವುದಿಲ್ಲ.

ಹೊಳೆಯ ವಿಷಯ. ಗಾಜನೂರಿನ ತುಂಗಾ ಅಣೆಕಟ್ಟೆಯ ಸಾಮರ್ಥ್ಯ 3.24 ಟಿಎಂಸಿ ಅಷ್ಟೆ. ಮುಂಗಾರು ಹಿಡಿದ ಕೆಲ ವಾರಗಳಲ್ಲೇ ತುಂಬುತ್ತದೆ, ಆಮೇಲೆ ಬಂದ ನೀರೆಲ್ಲ ಊರಿನ ಕಡೆಗೇ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಮುಳುಗಿತೆಂದರೆ ಜನ ನೋಡಲು ಹೋಗುತ್ತಾರೆ, ಹೊಳೆದಡದ ತಗ್ಗಿನಲ್ಲಿ ಬಾಡಿಗೆಗೆ ಇರುವವರು ಮಾತ್ರ ಪಾತ್ರೆ ಸಾಮಾನು ಅಟ್ಟಕ್ಕೆ ಏರಿಸಬೇಕಾಗುತ್ತದೆ. ತಗ್ಗಿನ ಯಾವ ಬೀದಿಯಲ್ಲಿ ಮನೆ ನೋಡಿದರೂ ಓನರನ್ನು ಕೇಳದೆ ಎದುರಿನ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: "2019ರ ಆಗಸ್ಟಿನ ನೆರೆಯಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬಂದಿತ್ತು?" ಅವರು ಕೈಯಲ್ಲೇ ಅಳತೆ ತೋರಿಸುತ್ತಾರೆ. ನೀರು ಮನೆಯೊಳಗೆ ಬರದಿದ್ದರೂ ಶೌಚಾಲಯದ ಗುಂಡಿ ತುಂಬಿಕೊಳ್ಳುವುದುಂಟು. ಒಂದು ಬಕೆಟ್ ನೀರು ರಭಸದಿಂದ ಸುರಿದಾಗ ಗುಳುಗುಳು ಎಂದು ನಿಧಾನವಾಗಿ ಇಳಿದರೆ ಗುಂಡಿಯಲ್ಲಿ ಜಾಗವಿಲ್ಲ. ಬಾವಿ ಇರುವ ಮನೆಯಾದರೆ ಗುಂಡಿ ಎಲ್ಲಿದೆ ಎಂದು ಕೇಳಿ. ಮಳೆಗಾಲದಲ್ಲಿ ಬಾವಿಯ ನೀರು ಮೇಲೆ ಬಂದಾಗ ಎರಡಕ್ಕೂ ನೆಂಟಸ್ತಿಕೆ ಬೆಳೆಯುತ್ತದೆ, ಕುದಿಸದೆ ಕುಡಿಯಬೇಡಿ. ನಲ್ಲಿ ನೀರೂ ಹೊಳೆ ಕೆಂಪಾದ ದಿನಗಳಲ್ಲಿ ಕದಡಿ ಬರುವುದುಂಟು. ರಾತ್ರಿ ಹಿಡಿದಿಟ್ಟು, ತಿಳಿಯಾದದ್ದನ್ನು ಬಸಿದು, ಆಮೇಲೆ ಕಾಯಿಸುವುದು.

ನೀರಿನ ಪ್ರಮಾಣಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ವರಿಗೆ 540. ಸಾವಿರ ಲೀಟರಿನ ಸಿಂಟೆಕ್ಸ್ ನಿಮಗೇ ಮೀಸಲಾಗಿದ್ದರೆ ಎರಡು ದಿನಕ್ಕೆ ಒಂದು ಸಲ ನೀರು ಬಿಟ್ಟರೂ ಸ್ವಲ್ಪ ಹಿಡಿತದಲ್ಲಿ ಬಳಸಿದರೆ ಸಾಕಾಗುತ್ತದೆ. ಮೂರು ಮನೆಗೆ ಒಂದೇ ಟ್ಯಾಂಕು, ಮೋಟರ್ ಸ್ವಿಚ್ಚು ಓನರ ಮನೆಯೊಳಗೆ ಎಂದಿದ್ದರೆ ಅವರು ಊರಿಗೆ ಹೋದ ದಿನ ನೀವು ಒಣಗುತ್ತೀರಿ.

ಕರೆಂಟಿಗೆ ಬೇರೆ ಮೀಟರ್ ಇದೆಯೇ, ಮೆಸ್ಕಾಂ ಬಿಲ್ಲಿನಲ್ಲಿ ಬಾಕಿ ಇದೆಯೇ ನೋಡಿ, ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಬರೆದುಕೊಳ್ಳಿ. ಸರ್ಕಾರದ ಉಚಿತ ಕರೆಂಟು ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಕರಾರು ಪತ್ರ ಮತ್ತು ಆಧಾರ್ ಬೇಕು. ಹಿಂದಿನವರ ಆಧಾರ್ ಜೋಡಣೆ ಇನ್ನೂ ತೆಗೆದಿಲ್ಲದಿದ್ದರೆ ನಿಮ್ಮದು ಕೂರುವುದಿಲ್ಲ, ಅವರು ಖಾಲಿ ಮಾಡುವ ಮೊದಲೇ ತೆಗೆಸಿ. ಉಚಿತ ಯೂನಿಟ್ಟಿನ ಮಿತಿ ಆ ಮೀಟರಿನ 2022–23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿದ್ದು, 200 ಯೂನಿಟ್ ದಾಟುವಂತಿಲ್ಲ. ವರ್ಷಗಟ್ಟಲೆ ಮುಚ್ಚಿದ್ದ ಮನೆಗೆ ಹೋದವರು ಇದನ್ನು ಮರೆತು ಬಿಲ್ಲು ನೋಡಿ ಬೆಚ್ಚುತ್ತಾರೆ.

ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುವುದು ಮಾಮೂಲು. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪಕ್ಕೆ ಆರು ಗಂಟೆಯ ಆಸುಪಾಸು ಬರುತ್ತದೆ (ಆ ಚಳಿಯಲ್ಲಿ ಫ್ಯಾನು ಮನುಷ್ಯರಿಗಲ್ಲ, ಬಟ್ಟೆಗೆ). ಸೋಲಾರ್ ನೀರು ಇದೆ ಎಂದು ಹಿಗ್ಗಬೇಡಿ, ಜುಲೈಯಲ್ಲಿ ಅದು ತಣ್ಣೀರೇ. ಹಂಡೆಯ ಒಲೆ ಇದ್ದರೆ ಸೌದೆ ನೆನೆಯದಂತೆ ಪೇರಿಸಲು ಜಾಗ ಎಲ್ಲಿ ಎಂದು ಕೇಳಿ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ ಹೊರಗೆ ಹಾಕಿಸಿಕೊಡುವವರೆಗೆ ಕೀಲಿ ತೆಗೆದುಕೊಳ್ಳಬೇಡಿ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವ ಊರು ನಮ್ಮದು. ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆ ಕೂಡ ಬರುವುದಿಲ್ಲ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು, ಅದನ್ನು ತಪ್ಪಿಸಲು ಈ ಅಳತೆ. ಅಚ್ಚಾದ ನಮೂನೆಯಲ್ಲಿ ಇಲ್ಲದ ನಾಲ್ಕು ಸಾಲನ್ನು ನಾನು ಸೇರಿಸುತ್ತೇನೆ: ತಾರಸಿ, ಹಂಚು, ಹೊರಗೋಡೆಯ ರಿಪೇರಿ ಓನರದು, ಮೇ 31ರೊಳಗೆ ಆಗಬೇಕು. ಖಾಲಿ ಮಾಡುವಾಗ ಬಣ್ಣಕ್ಕೆ ಹಿಡಿಯುವ ಮೊತ್ತ ಇಷ್ಟೇ, ತೇವದಿಂದ ಕೆಟ್ಟ ಬಣ್ಣ ಅದರಲ್ಲಿ ಸೇರದು. ಒಳಹೋದ ದಿನದ ಮೀಟರ್ ರೀಡಿಂಗ್ ಇಷ್ಟು. ಮುಂಗಡ ವಾಪಸಾಗುವುದು ಕೀಲಿ ಕೊಟ್ಟ ದಿನವೇ. ಜಗಳವಾಗುವುದು ಹೆಚ್ಚಾಗಿ ಎರಡನೆಯದಕ್ಕೆ. ಗೋಡೆ ತಾನೇ ನೀರು ಕುಡಿದು ಉದುರಿದ್ದಕ್ಕೂ ಮುಂಗಡದಲ್ಲಿ ಕತ್ತರಿ ಹಾಕುವವರಿದ್ದಾರೆ. ಆದ್ದರಿಂದ ಸಾಮಾನು ಇಳಿಸುವ ಮುನ್ನ ಪ್ರತಿ ಗೋಡೆಯ ಫೋಟೊ ತೆಗೆದು ಅದೇ ದಿನ ಓನರಿಗೆ ವಾಟ್ಸಾಪ್ ಮಾಡುತ್ತೇನೆ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡುತ್ತೇನೆ.

ಭೋಗ್ಯದ ಮನೆ ಬೇರೆ ಲೆಕ್ಕ. ಬಾಡಿಗೆ ಇಲ್ಲ, ಆದರೆ ಲಕ್ಷಗಟ್ಟಲೆ ಹಣ ಒಬ್ಬರ ಕೈಯಲ್ಲಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ, ಸಾಲ ಇದ್ದರೆ ಎಷ್ಟು ಬಾಕಿ ಎಂದು ಬ್ಯಾಂಕಿನ ಪತ್ರ ಕೇಳಿ. ಓನರು ಕಂತು ಕಟ್ಟದೆ, ಬ್ಯಾಂಕು ಮನೆ ವಶಪಡಿಸಿಕೊಂಡರೆ ನೋಂದಣಿಯಾಗದ ಕಾಗದ ಹಿಡಿದವರ ಮಾತಿಗೆ ತೂಕ ಇರುವುದಿಲ್ಲ. ಖರ್ಚಾದರೂ ಉಪನೋಂದಣಿ ಕಚೇರಿಗೆ ಹೋಗಲೇಬೇಕು.

ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆ ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಬರುತ್ತದೆ. ಸುಳ್ಳು ಹೇಳಿ ಒಳಹೋಗಿ ಹನ್ನೊಂದು ತಿಂಗಳು ಕಿಟಕಿ ಮುಚ್ಚಿ ಸಾರು ಕುದಿಸುವುದಕ್ಕಿಂತ ಬಾಗಿಲಲ್ಲೇ ನಿಜ ಹೇಳಿ ಮುಂದಿನ ಬೀದಿಗೆ ನಡೆಯುವುದು ಮೇಲು.

ಹೊಕ್ಕ ಮೇಲಿನ ಕೆಲಸ ಕಡಿಮೆ. ಬೀರು, ಮಂಚ, ಪುಸ್ತಕದ ಕಪಾಟನ್ನು ಗೋಡೆಯಿಂದ ಮೂರಿಂಚು ಈಚೆಗೆ, ಪಡುವಣ ಗೋಡೆಗಾದರೆ ಇಡಲೇಬೇಡಿ. ಹಾಸಿಗೆಯನ್ನು ನೆಲಕ್ಕೆ ಹಾಸಿ ಹಾಗೇ ಬಿಟ್ಟರೆ ವಾರದಲ್ಲಿ ಅಡಿಭಾಗ ಬೂಸ್ಟು ಹಿಡಿಯುತ್ತದೆ. ರೇಷ್ಮೆ ಸೀರೆಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಮೇಲಿನ ಖಾನೆಗೆ ಇಟ್ಟು, ಬಿಸಿಲು ಬಿದ್ದ ದಿನವೆಲ್ಲ ಬಾಗಿಲು ತೆರೆಯುವುದು. ಬೂಸ್ಟು ಕಂಡ ಗೋಡೆಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದು ಕೋಣೆಯೆಲ್ಲ ಹಾರುತ್ತದೆ, ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಫ್ಯಾನು ಹಾಕಿ. ಮುಚ್ಚಿದ ಕೋಣೆಯಲ್ಲಿ ಬಟ್ಟೆ ಹರಡಬೇಡಿ. ಒಂದು ಬಕೆಟ್ ಒಗೆದ ಬಟ್ಟೆಯಿಂದ ಹೊರಡುವ ಒಂದೆರಡು ಲೀಟರ್ ನೀರು ಗೋಡೆಗೇ ಹೋಗುತ್ತದೆ. ಶೀಟಿನ ಕೆಳಗೆ ಜಾಗವಿಲ್ಲದಿದ್ದರೆ ಒಂದೇ ಕೋಣೆ ಗೊತ್ತು ಮಾಡಿಕೊಂಡು, ಎದುರುಬದುರು ಕಿಟಕಿ ಒಂದಂಗುಲ ತೆರೆದು, ಹಗ್ಗಗಳ ನಡುವೆ ಒಂದು ಗೇಣು ಅಂತರ ಬಿಟ್ಟು, ಕೆಳಗೆ ಟೇಬಲ್ ಫ್ಯಾನು ಇಡಿ. ಜೀನ್ಸನ್ನು ಒಳಮೈ ಹೊರಗೆ ಮಾಡಿ ಸೊಂಟದ ಪಟ್ಟಿಯಿಂದ ತೂಗುಹಾಕಿದರೆ ಮೂರು ದಿನದ ಬದಲು ಎರಡು ದಿನಕ್ಕೆ ಒಣಗುತ್ತದೆ.