ಮ್ಯಾಚ್ ದಿನದ ತಿಂಡಿ: ಹಾಫ್ ಟೈಮಿಗೆ ಸರಿಯಾಗಿ ಗರಿಗರಿ ಬರಬೇಕಾದರೆ

ದೊಡ್ಡ ಮ್ಯಾಚ್ ನೋಡಲು ಗೆಳೆಯರನ್ನು ಮನೆಗೆ ಕರೆದ ದಿನ ಅಡುಗೆ ಕೆಡುವುದು ಹೆಚ್ಚಾಗಿ ಹೊತ್ತು ತಪ್ಪಿದ್ದರಿಂದ. ಎರಡು ಗಂಟೆ ಮೊದಲೇ ಮಾಡಿ ಮುಚ್ಚಿಟ್ಟರೆ ಎಲ್ಲವೂ ತನ್ನದೇ ಹಬೆಗೆ ಮೆತ್ತಗಾಗುತ್ತದೆ. ಆಟ ನಡೆಯುವಾಗ ಕರಿಯಲು ನಿಂತರೆ ಗೋಲು ಬಿದ್ದದ್ದು ಪಕ್ಕದ ಕೋಣೆಯ ಕೂಗಿನಿಂದಲೇ ತಿಳಿಯಬೇಕು. ಅದಕ್ಕೇ ನಾನು ಬೇಯಿಸುವ ಕೆಲಸವನ್ನೆಲ್ಲ ಆಟಕ್ಕೆ ಮೊದಲೇ ಮುಗಿಸಿ, ಗರಿಗರಿ ಮಾಡುವ ಕೊನೆಯ ಹತ್ತು ಹನ್ನೆರಡು ನಿಮಿಷವನ್ನಷ್ಟೇ ವಿರಾಮಕ್ಕೆ ಉಳಿಸಿಕೊಳ್ಳುತ್ತೇನೆ.

ಇಲ್ಲಿನ ಅಳತೆ ಆರು ಜನಕ್ಕೆ. ಚಿಕನ್ ವಿಂಗ್ಸ್ 1.2 ಕೆಜಿ, ಆಲೂಗಡ್ಡೆ 1.2 ಕೆಜಿ, ಅರ್ಧ ಲೀಟರಿಗೂ ತುಸು ಹೆಚ್ಚು ಚೀಸ್ ಸಾಸ್, ಕಟ್ಟಿದ ಮೊಸರಿನ ಡಿಪ್, ಎರಡು ಸಲಕ್ಕಾಗುವಷ್ಟು ಪಾಪ್‌ಕಾರ್ನ್. ವಿಂಗ್ಸ್ ಮತ್ತು ಆಲೂಗಡ್ಡೆಯನ್ನು ಜೊತೆ ಮಾಡಿದ್ದಕ್ಕೆ ಕಾರಣವಿದೆ: ಎರಡಕ್ಕೂ ಬೇಕಾದ ಕಾವು ಒಂದೇ, 230 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇರುವ ಓವನ್ ಆದರೆ 210. ಕೊನೆಯ ಬಿಸಿಗೆ ಎರಡು ಟ್ರೇಗಳನ್ನೂ ಒಟ್ಟಿಗೆ ಒಳಗಿಡಬಹುದು. ಸಸ್ಯಾಹಾರಿಗಳಿದ್ದರೆ ಆಲೂಗಡ್ಡೆಯ ಟ್ರೇ ಯಾವಾಗಲೂ ಮೇಲಿನ ಅಂತಸ್ತಿನಲ್ಲಿರಲಿ, ಕೋಳಿಯ ಜಿಡ್ಡು ಅದರ ಮೇಲೆ ಸಿಡಿಯಬಾರದು. ಇಕ್ಕಳವೂ ಬೇರೆಯೇ ಇರಲಿ.

ವಿಂಗ್ಸ್ ಕೆಲಸ ಹಿಂದಿನ ರಾತ್ರಿಯೇ ಶುರು. ಇಡೀ ರೆಕ್ಕೆ ತಂದರೆ ಎರಡು ಕೀಲುಗಳಲ್ಲಿ ಕತ್ತರಿಸಿ, ತುದಿಯನ್ನು ಸೂಪಿಗೆ ಎತ್ತಿಟ್ಟು, ಉಳಿದ ಎರಡು ತುಂಡುಗಳನ್ನು ಬಳಸಬೇಕು. ಚಾಕುವನ್ನು ಮೂಳೆಯ ಮೇಲೆ ಒತ್ತಬೇಡಿ. ಕೀಲನ್ನು ಹಿಂದಕ್ಕೆ ಬಗ್ಗಿಸಿದರೆ ನಡುವೆ ಮೆತ್ತಗಿನ ಜಾಗ ಬೆರಳಿಗೆ ಸಿಗುತ್ತದೆ, ಅಲ್ಲಿ ಚಾಕು ತಾನಾಗಿ ಇಳಿಯುತ್ತದೆ. ತೂಕಕ್ಕೆ ತಕ್ಕಂತೆ ಸುಮಾರು 24 ತುಂಡು ಬರುತ್ತವೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ. ನೀರು ಸಿಡಿದು ಸಿಂಕಿನ ಸುತ್ತೆಲ್ಲ ಸೋಂಕು ಹರಡುತ್ತದೆ, ಚರ್ಮವೂ ಒದ್ದೆಯಾಗುತ್ತದೆ. ಕಾಗದದ ಟವೆಲ್‌ನಿಂದ ಒತ್ತಿ ಒತ್ತಿ ಒರೆಸಿದರೆ ಸಾಕು. ಟವೆಲ್ ಒದ್ದೆಯಾಗದೆ ಹೊರಬರುವವರೆಗೂ ಒರೆಸಬೇಕು.

ಆಮೇಲೆ ಬೇಕಿಂಗ್ ಪೌಡರ್ 3 ಟೀ ಚಮಚ, ಉಪ್ಪು 2 ಟೀ ಚಮಚ, ಕಾಳುಮೆಣಸಿನ ಪುಡಿ 1 ಟೀ ಚಮಚ ಬೆರೆಸಿ, ಜರಡಿಯಲ್ಲಿ ಹಾಯಿಸಿ ತುಂಡುಗಳ ಮೇಲೆ ಉದುರಿಸಿ ಕೈಯಿಂದ ಹೊರಳಾಡಿಸಿ. ಜರಡಿ ಹಿಡಿಯುವುದನ್ನು ಬಿಟ್ಟರೆ ಪುಡಿ ಗಂಟುಕಟ್ಟಿ, ಗಂಟಿರುವಲ್ಲಿ ಕಹಿ ಉಳಿಯುತ್ತದೆ. ಬೇಕಿಂಗ್ ಪೌಡರ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಚರ್ಮವನ್ನು ತುಸು ಕ್ಷಾರೀಯವಾಗಿಸುವುದರಿಂದ ಕಂದು ಬಣ್ಣ ಬೇಗ ಏರುತ್ತದೆ. ಜೊತೆಗೆ ಮಾಂಸದ ರಸದೊಂದಿಗೆ ಸೇರಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ, ಆ ಗುಳ್ಳೆಗಳೇ ಬೆಂದ ಮೇಲೆ ಹಲ್ಲಿಗೆ ಸಿಗುವ ಗರಿಗರಿ. ಅಲ್ಯೂಮಿನಿಯಂ ಇಲ್ಲದ ಪೌಡರ್ ಆರಿಸಿದರೆ ಲೋಹದ ರುಚಿಯ ಭಯವಿಲ್ಲ. ಇದರ ಬದಲು ಅಷ್ಟೇ ಅಳತೆಯ ಬೇಕಿಂಗ್ ಸೋಡಾ ಹಾಕಿದರೆ ಸೋಪಿನಂಥ ರುಚಿ ಬಂದು ಇಡೀ ಟ್ರೇ ಎಸೆಯಬೇಕಾಗುತ್ತದೆ. ಡಬ್ಬಿಯ ಹೆಸರನ್ನು ಎರಡು ಸಲ ಓದಿ.

ತುಂಡುಗಳನ್ನು ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಕೆಳಗೆ ಫಾಯಿಲ್ ಹಾಸಿದ ಟ್ರೇ ಇಟ್ಟು, ಮುಚ್ಚದೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 8ರಿಂದ 24 ಗಂಟೆ ಬಿಡಿ. ಮೇಲಿನ ಅರೆಯಲ್ಲಿಟ್ಟರೆ ರಸ ಬೇರೆ ಪದಾರ್ಥದ ಮೇಲೆ ಸೋರಬಹುದು. ಬೆಳಿಗ್ಗೆ ನೋಡಿದಾಗ ಚರ್ಮ ಬಿಗಿದು, ಕಾಗದದಂತೆ ಒಣಗಿ, ಒಳಗಿನ ಬಣ್ಣ ಮಸುಕಾಗಿ ಕಾಣುವಂತಿದ್ದರೆ ಹದ ಸರಿ. ಬೆರಳಿಗೆ ಅಂಟಿದರೆ ಇನ್ನೂ ಹೊತ್ತು ಬೇಕು.

ಬೇಯಿಸುವಾಗ ಮೊದಲ 20 ನಿಮಿಷ ಮುಟ್ಟಬಾರದು. ಬೇಗ ತಿರುವಿದರೆ ಚರ್ಮ ಜಾಲರಿಗೆ ಅಂಟಿ ಕಿತ್ತುಬರುತ್ತದೆ. ತಿರುವಿ ಮತ್ತೆ 18ರಿಂದ 20 ನಿಮಿಷ. ಒಳಗಿನ ಉಷ್ಣತೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಆದರೆ ನಾನು 85 ದಾಟಿಸುತ್ತೇನೆ. ರೆಕ್ಕೆಯಲ್ಲಿ ನಾರು, ಸ್ನಾಯುಬಂಧ ಜಾಸ್ತಿ, ಅವು ಕರಗಿ ಮೆತ್ತಗಾಗಲು ಆ ಹೆಚ್ಚಿನ ಕಾವು ಬೇಕು. ಎದೆಯ ಮಾಂಸದ ಹಾಗೆ ಇದು ಒಣಗಿಹೋಗುವುದಿಲ್ಲ. ಹೊರತೆಗೆದ ಮೇಲೆ ಜಾಲರಿಯ ಮೇಲೇ ಬಿಡಿ, ಮೇಲೆ ಏನೂ ಮುಚ್ಚಬೇಡಿ. ಟ್ರೇಯಲ್ಲಿ ಇಳಿದ ಕೊಬ್ಬನ್ನು ಮರೆಯದೆ ಬಸಿದುಬಿಡಬೇಕು. ಹಾಗೇ ಬಿಟ್ಟರೆ ಎರಡನೇ ಸಲ ಬಿಸಿಮಾಡುವಾಗ ಅದು ಸೀದು ಮನೆಯೆಲ್ಲ ಹೊಗೆ.

ಸಾಸ್ ಸುಲಭ: ಬೆಣ್ಣೆ 50 ಗ್ರಾಂ, ವಿನೆಗರ್ ಹುಳಿಯಿರುವ ತೆಳು ಚಿಲ್ಲಿ ಸಾಸ್ 100 ಎಂಎಲ್, ತುರಿದ ಬೆಳ್ಳುಳ್ಳಿ 2 ಎಸಳು, ಸಕ್ಕರೆ ಅರ್ಧ ಚಮಚ. ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ, ಬೆಳ್ಳುಳ್ಳಿಯ ಹಸಿ ವಾಸನೆ ಹೋದೊಡನೆ ಒಲೆ ಆರಿಸಿ, ಸಾಸನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕಡೆಯಿರಿ. ಕುದಿಸಿದರೆ ಬೆಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ಹಾಗಾದರೆ ಒಂದು ಚಮಚ ಬೆಚ್ಚಗಿನ ನೀರು ಹಾಕಿ ಜೋರಾಗಿ ಕಡೆದರೆ ಮತ್ತೆ ಕೂಡಿಕೊಳ್ಳುತ್ತದೆ. ಸಾಸ್ ತಾಗಿದ ಕ್ಷಣದಿಂದ ಚರ್ಮ ಮೆತ್ತಗಾಗಲು ಶುರು. ಅದಕ್ಕೆ ಬಡಿಸುವ ಹೊತ್ತಿಗೇ, ಅರ್ಧ ತುಂಡುಗಳಿಗೆ ಮಾತ್ರ ಸಾಸ್ ಹೊರಳಿಸಿ. ಉಳಿದರ್ಧ ಹಾಗೇ ಇರಲಿ, ಖಾರ ಬೇಡದವರಿಗೂ ಆಯಿತು.

ಆಲೂಗಡ್ಡೆಗೆ ಬರೋಣ. ಹಿಟ್ಟುಹಿಟ್ಟಾಗಿ ಬೇಯುವ ಹಳೆಯ ಆಲೂಗಡ್ಡೆಯೇ ಬೇಕು. ತೆಳು ಸಿಪ್ಪೆಯ ಎಳೆ ಆಲೂಗಡ್ಡೆ ಮೇಣದಂತೆ ಗಟ್ಟಿಯಾಗಿ ಉಳಿದು ಹೊರಪದರ ಕಟ್ಟುವುದೇ ಇಲ್ಲ. ಫ್ರಿಜ್ಜಿನಲ್ಲಿಟ್ಟದ್ದೂ ಬೇಡ: ತಣ್ಣಗಿನಲ್ಲಿ ಪಿಷ್ಟ ಸಕ್ಕರೆಯಾಗಿ ತಿರುಗುವುದರಿಂದ ಒಳಗೆ ಹದವಾಗುವ ಮೊದಲೇ ಹೊರಗೆ ಕಪ್ಪಾಗಿ ಕಹಿಯಾಗುತ್ತದೆ. ಒಂದೊಂದನ್ನೂ ಉದ್ದಕ್ಕೆ ಆರು ಅಥವಾ ಎಂಟು ಹೋಳು ಮಾಡಿ. ಎರಡು ಲೀಟರ್ ಕುದಿಯುವ ನೀರಿಗೆ ಉಪ್ಪು ಒಂದೂವರೆ ಟೇಬಲ್ ಚಮಚ, ಬೇಕಿಂಗ್ ಸೋಡಾ ಅರ್ಧ ಟೀ ಚಮಚ ಹಾಕಿ ಹೋಳುಗಳನ್ನು 8ರಿಂದ 10 ನಿಮಿಷ ಬೇಯಿಸಿ. ಹೌದು, ಇಲ್ಲಿ ಸೋಡಾನೇ. ಅದು ಹೋಳುಗಳ ಹೊರಮೈಯನ್ನು ಬಿಗಿಯಾಗಿ ಹಿಡಿದಿಡುವ ಅಂಟು, ಅಂದರೆ ಪೆಕ್ಟಿನ್ ಅನ್ನು ಬೇಗ ಸಡಿಲಿಸುತ್ತದೆ. ಕೈ ತಪ್ಪಿ ಒಂದು ಚಮಚ ಬಿದ್ದರೆ ಮಾತ್ರ ಹೋಳು ಕರಗಿ ಗಂಜಿಯಾಗುತ್ತದೆ.

ನೀರು ಬಸಿದು, ಹಬೆ ಆರಲು ಮೂರು ನಿಮಿಷ ಹಾಗೇ ಬಿಡಿ. ಅವಸರ ಬೇಡ, ಈ ಮೂರು ನಿಮಿಷದಲ್ಲಿ ಹೊರಡುವ ತೇವವೇ ಮುಂದೆ ಓವನ್ನಿನಲ್ಲಿ ಕಾಟ ಕೊಡುವ ತೇವ. ಆಮೇಲೆ ಎಣ್ಣೆ 4 ಟೇಬಲ್ ಚಮಚ ಸುರಿದು, ಮುಚ್ಚಳ ಹಿಡಿದು ಪಾತ್ರೆಯನ್ನು ಹತ್ತು ಹನ್ನೆರಡು ಸಲ ಕುಲುಕಿ. ಮುಚ್ಚಳ ತೆಗೆದಾಗ ಹೋಳುಗಳ ಅಂಚು ಒರಟಾಗಿ, ಮೈಮೇಲೆ ತೆಳುವಾಗಿ ಹಿಸುಕಿದ ಆಲೂ ಲೇಪ ಹಚ್ಚಿದಂತೆ ಕಾಣಬೇಕು. ಆ ಲೇಪ ಎಣ್ಣೆ ಕುಡಿದು ಒಣಗಿದಾಗಲೇ ದಪ್ಪನೆಯ ಗರಿಗರಿ ಪದರ. ಕಾದ ಟ್ರೇಯಲ್ಲಿ ಬಿಡಿಬಿಡಿಯಾಗಿ ಹರಡಿ 35 ನಿಮಿಷ ಬೇಯಿಸಿ, 22ನೇ ನಿಮಿಷಕ್ಕೆ ತಿರುವಿ ಹಾಕಿ. ಬಣ್ಣ ತಿಳಿ ಹೊನ್ನಿನಷ್ಟಿರುವಾಗಲೇ ಹೊರತೆಗೆಯಿರಿ, ಉಳಿದದ್ದು ವಿರಾಮದ ಹೊತ್ತಿಗೆ. ಬೆಳ್ಳುಳ್ಳಿ ಬೇಕಿದ್ದರೆ ಮೊದಲೇ ಹಾಕಬೇಡಿ, ಕರಕಲಾಗುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಆಗಲೇ ಬಾಡಿಸಿ ಬಡಿಸುವಾಗ ಮೇಲೆ ಸುರಿಯಿರಿ.

ಚೀಸ್ ಸಾಸ್‌ನಲ್ಲಿ ಎಲ್ಲರಿಗೂ ಎದುರಾಗುವ ತೊಂದರೆ ಒಡೆಯುವುದು: ಕೆಳಗೆ ರಬ್ಬರಿನಂಥ ಮುದ್ದೆ, ಮೇಲೆ ಎಣ್ಣೆ. ಕಾವು ಹೆಚ್ಚಾದಾಗ ಚೀಸಿನ ಪ್ರೋಟೀನು ಬಿಗಿದುಕೊಂಡು ಒಳಗಿನ ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಮೈದಾ ಅದನ್ನು ತಡೆಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ 25 ಗ್ರಾಂ, ಮೈದಾ 25 ಗ್ರಾಂ ಹಾಕಿ ಬಣ್ಣ ಬರದಂತೆ ಎರಡು ನಿಮಿಷ ಹುರಿದು, ಬಿಸಿ ಹಾಲು 400 ಎಂಎಲ್ ಅನ್ನು ಮೂರು ನಾಲ್ಕು ಸಲವಾಗಿ ಸೇರಿಸಿ. ಮೊದಲ ಸಲ ಸುರಿದಾಗ ಹಿಟ್ಟಿನ ಮುದ್ದೆಯಾಗುತ್ತದೆ, ಹೆದರಬೇಡಿ, ಅದು ನಯವಾದ ಮೇಲೆ ಮುಂದಿನ ಹಾಲು. ಒಂದು ಕುದಿ ಬಂದು ಸೌಟಿನ ಬೆನ್ನಿಗೆ ಹತ್ತುವಷ್ಟು ಗಟ್ಟಿಯಾದಾಗ ಒಲೆಯಿಂದ ಇಳಿಸಿ. ಎರಡು ನಿಮಿಷ ಕಾದು, ತುರಿದ ಚೀಸ್ 200 ಗ್ರಾಂ ಅನ್ನು ಹಿಡಿ ಹಿಡಿಯಾಗಿ ಹಾಕಿ ಕಲಕಿ. ಒಲೆಯ ಮೇಲಿಟ್ಟು ಚೀಸ್ ಹಾಕುವುದೇ ಒಡೆಯಲು ಮುಖ್ಯ ಕಾರಣ.

ಹಳೆಯ, ಚೆನ್ನಾಗಿ ಮಾಗಿದ ಚೆಡ್ಡಾರ್‌ಗೆ ರುಚಿ ಹೆಚ್ಚು, ಆದರೆ ಒಡೆಯುವ ಸ್ವಭಾವವೂ ಹೆಚ್ಚು. ಸಂಸ್ಕರಿಸಿದ ಚೀಸ್‌ನಲ್ಲಿ ಕರಗಿಸುವ ಲವಣಗಳು ಮೊದಲೇ ಇರುವುದರಿಂದ ಅದು ಒಡೆಯುವುದಿಲ್ಲ, ರುಚಿ ಮಾತ್ರ ಸಪ್ಪೆ. ಎರಡನ್ನೂ ಅರ್ಧರ್ಧ ಸೇರಿಸುವುದು ನನಗೆ ಹೆಚ್ಚು ಒಗ್ಗಿದ ದಾರಿ. ಅಂಥದೇ ಕರಗಿಸುವ ಲವಣವಾದ ಸೋಡಿಯಂ ಸಿಟ್ರೇಟ್ ಸಿಕ್ಕರೆ ಮೈದಾ ಬೆಣ್ಣೆ ಏನೂ ಬೇಡ: 185 ಎಂಎಲ್ ಹಾಲಿಗೆ 8 ಗ್ರಾಂ ಕರಗಿಸಿ, 200 ಗ್ರಾಂ ಚೀಸ್ ಹಾಕಿದರೆ ರೇಷ್ಮೆಯಂಥ ಸಾಸ್. ಸಸ್ಯಾಹಾರಿ ಗೆಳೆಯರು ಬರುವುದಾದರೆ ಚೀಸ್ ಪೊಟ್ಟಣದಲ್ಲಿ ರೆನೆಟ್ (ಚೀಸ್ ಮಾಡಲು ಹಾಲನ್ನು ಗಟ್ಟಿಯಾಗಿಸುವ ಕಿಣ್ವ) ಯಾವುದು ಎಂದು ನೋಡಿಯೇ ಕೊಳ್ಳಿ, ಕೆಲವು ಚೀಸ್‌ಗಳಲ್ಲಿ ಪ್ರಾಣಿಜನ್ಯ ರೆನೆಟ್ ಇರುತ್ತದೆ. ಮಾಡಿಟ್ಟ ಸಾಸ್ ಹೊತ್ತು ಕಳೆದಂತೆ ಗಟ್ಟಿಯಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಬೆಚ್ಚಗಿಡಿ, ಬಡಿಸುವ ಮುಂಚೆ ಎರಡು ಚಮಚ ಬಿಸಿ ಹಾಲು ಬೆರೆಸಿ. ಒಡೆದೇಹೋಗಿದ್ದರೆ ಎಸೆಯಬೇಡಿ, ತುಸು ಆರಲು ಬಿಟ್ಟು, ಸ್ವಲ್ಪ ಬಿಸಿ ಹಾಲಿನೊಂದಿಗೆ ಮಿಕ್ಸಿಯಲ್ಲಿ ತಿರುವಿದರೆ ಬಹುಪಾಲು ಸರಿಹೋಗುತ್ತದೆ.

ಡಿಪ್‌ಗೆ ಒಂದು ಕೆಜಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್ಜಿನಲ್ಲೇ ಆರು ಗಂಟೆ ಬಸಿಯಲು ಬಿಡಿ, ಹೊರಗಿಟ್ಟರೆ ಹುಳಿಯೇರುತ್ತದೆ. ಅರ್ಧದಷ್ಟು ಉಳಿಯುತ್ತದೆ. ಒಂದು ಸೌತೆಕಾಯಿ ತುರಿದು ಉಪ್ಪು ಹಚ್ಚಿ ಹದಿನೈದು ನಿಮಿಷದ ಮೇಲೆ ಗಟ್ಟಿಯಾಗಿ ಹಿಂಡಿ ಸೇರಿಸಿ. ಹಿಂಡುವುದನ್ನು ಬಿಟ್ಟರೆ ಅರ್ಧ ಗಂಟೆಯಲ್ಲಿ ಡಿಪ್ ನೀರೊಡೆಯುತ್ತದೆ. ಬೆಳ್ಳುಳ್ಳಿ, ನಿಂಬೆರಸ ಅದೇ ದಿನ ಹಾಕಿ, ರಾತ್ರಿಯೇ ಹಾಕಿದರೆ ಬೆಳ್ಳುಳ್ಳಿಯ ಘಾಟು ಉಳಿದೆಲ್ಲ ರುಚಿಯನ್ನು ನುಂಗಿಹಾಕುತ್ತದೆ.

ಪಾಪ್‌ಕಾರ್ನ್ ಆಟ ಶುರುವಾಗುವ ಹೊತ್ತಿಗೆ. ಮೂರು ಟೇಬಲ್ ಚಮಚ ಎಣ್ಣೆಯಲ್ಲಿ ಮೂರು ಕಾಳು ಹಾಕಿ, ಅವು ಅರಳಿದಾಗ ಅರ್ಧ ಕಪ್ ಕಾಳು ಸುರಿದು, ಒಲೆಯಿಂದ ಅರ್ಧ ನಿಮಿಷ ಇಳಿಸಿ ಮತ್ತೆ ಇಡಿ. ಎಲ್ಲ ಕಾಳೂ ಒಂದೇ ಸಮ ಕಾದು ಒಟ್ಟಿಗೆ ಅರಳುತ್ತವೆ. ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿರಲಿ, ಹಬೆ ಹೋಗದಿದ್ದರೆ ಪಾಪ್‌ಕಾರ್ನ್ ಬೆಂಡಿನಂತಾಗುತ್ತದೆ. ಚಟಪಟ ಸದ್ದಿನ ನಡುವೆ ಎರಡು ಸೆಕೆಂಡು ಬಿಡುವು ಬಂದರೆ ಇಳಿಸಿಬಿಡಿ. ಉಪ್ಪನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಂಡರೆ ಕಾಳಿಗೆ ಅಂಟುತ್ತದೆ. ದಪ್ಪ ಉಪ್ಪು ತಳಕ್ಕಿಳಿದು ಅಲ್ಲೇ ಉಳಿಯುತ್ತದೆ. ಬಹಳ ಕಾಳು ಅರಳದೆ ಉಳಿದರೆ ಒಣಗಿವೆ ಎಂದರ್ಥ: ಡಬ್ಬಿಗೆ ಒಂದು ಚಮಚ ನೀರು ಚಿಮುಕಿಸಿ, ಕುಲುಕಿ, ಎರಡು ಮೂರು ದಿನ ಮುಚ್ಚಿಡಿ.

ಈಗ ಗಡಿಯಾರ. ಎಂಟು ಗಂಟೆಗೆ ಫುಟ್‌ಬಾಲ್ ಶುರು ಎಂದುಕೊಳ್ಳಿ. 6.10ಕ್ಕೆ ಆಲೂಗಡ್ಡೆ ನೀರಿಗೆ, ಓವನ್ ಚಾಲೂ. 6.30ಕ್ಕೆ ಆಲೂಗಡ್ಡೆ ಓವನ್ನಿಗೆ, 7.05ಕ್ಕೆ ಹೊರಗೆ. 7.10ಕ್ಕೆ ವಿಂಗ್ಸ್ ಒಳಗೆ, 7.50ಕ್ಕೆ ಹೊರಗೆ, ಅದೇ ನಡುವೆ ಚೀಸ್ ಸಾಸ್. 7.55ಕ್ಕೆ ಪಾಪ್‌ಕಾರ್ನ್. ಮೊದಲ ಅರ್ಧದ 25ನೇ ನಿಮಿಷಕ್ಕೆ ಓವನ್ ಮತ್ತೆ ಹಚ್ಚಬೇಕು, ಪೂರ್ತಿ ಕಾಯಲು ಹದಿನೈದು ಇಪ್ಪತ್ತು ನಿಮಿಷ ಬೇಕೇ ಬೇಕು. 42ನೇ ನಿಮಿಷಕ್ಕೆ ಎರಡೂ ಟ್ರೇ ಒಳಗೆ. ಇಂಜುರಿ ಟೈಮ್ ಸೇರಿ ಅರ್ಧ ಮುಗಿದು ನೀವು ಎದ್ದು ಬರುವಾಗ ಚರ್ಮ ಮತ್ತೆ ಚಿಟಿಚಿಟಿ ಅನ್ನುತ್ತಿರುತ್ತದೆ. ಹಾಫ್ ಟೈಮ್ 15 ನಿಮಿಷ, ಸಾಸ್ ಹೊರಳಿಸಿ ಬಡಿಸಲು ಐದು ಸಾಕು.

ಟಿ20 ಕ್ರಿಕೆಟ್ ಆದರೆ ಓವರ್ ಲೆಕ್ಕ. ಒಂದು ಓವರಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು ಹಿಡಿಯುವುದರಿಂದ ಮೊದಲ ಇನಿಂಗ್ಸ್‌ನ 14ನೇ ಓವರಿಗೆ ಓವನ್, 18ನೇ ಓವರಿಗೆ ಟ್ರೇ. ಎಂಟು ವಿಕೆಟ್ ಬಿದ್ದಿದ್ದರೆ 18ರವರೆಗೆ ಕಾಯಬೇಡಿ.

ವಿರಾಮದಲ್ಲಿ ಡಿಪ್ ಬಟ್ಟಲನ್ನೂ ಬದಲಿಸಬೇಕು. ಹಳೆಯದರ ಮೇಲೆ ಹೊಸದು ಸುರಿಯುವುದು ತಪ್ಪು. ಮೊಸರು, ಚೀಸ್, ಕೋಳಿ ಯಾವುದೂ ಕೋಣೆಯ ಕಾವಿನಲ್ಲಿ ಎರಡು ಗಂಟೆ ಮೀರಬಾರದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮೂಳೆ ಹಾಕಲು ಬೇರೆ ಬಟ್ಟಲು, ಕೈ ಒರೆಸಲು ಒದ್ದೆ ಬಟ್ಟೆ ಮೊದಲೇ ಇಟ್ಟಿರಿ. ಎರಡನೇ ಸಲದ ಪಾಪ್‌ಕಾರ್ನ್ ಕಾಳು, ಎಣ್ಣೆ ಅಳೆದು ಒಲೆಯ ಪಕ್ಕದಲ್ಲಿರಲಿ. ಆಟ ಸಮವಾಗಿ ಎಕ್ಸ್‌ಟ್ರಾ ಟೈಮಿಗೆ ಹೋದರೆ ಇನ್ನೂ 30 ನಿಮಿಷವಿದೆ, ಆಗ ಐದೇ ನಿಮಿಷದಲ್ಲಿ ಆಗುವ ತಿಂಡಿ ಅದೊಂದೇ. ಸಾಸ್ ತಾಗದ ವಿಂಗ್ಸ್ ಉಳಿದಿದ್ದು, ಹೊರಗಿಟ್ಟು ಎರಡು ಗಂಟೆ ಮೀರಿರದಿದ್ದರೆ ಕೂಡಲೇ ಫ್ರಿಜ್ಜಿಗೆ ಹಾಕಿ. ಮರುದಿನ 200 ಡಿಗ್ರಿಯಲ್ಲಿ ಜಾಲರಿಯ ಮೇಲೆ ಹತ್ತು ಹನ್ನೆರಡು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತವೆ.