ಡಿಗ್ರಿ ಇಲ್ದೆ ಪೀಣ್ಯದಲ್ಲಿ ಸಿಎನ್‌ಸಿ ಸೆಟ್ಟರ್ ಆಗಿದ್ದು: ನನ್ನ ಅನುಭವ

ಎಸ್ಎಸ್ಎಲ್‌ಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಏರಿಯಾದಲ್ಲಿ ಯಾರಾದ್ರೂ ಒಬ್ರು ಮಗನ್ನ ಕರ್ಕೊಂಡು ಮನೆಗೆ ಬರ್ತಾರೆ, ಇವ್ನಿಗೆ ಓದು ತಲೆಗೆ ಹತ್ತಲ್ಲ, ನಿಮ್ ತರ ಫ್ಯಾಕ್ಟ್ರಿ ಲೈನಿಗೆ ಹಾಕ್ಬಿಡೋಣ ಅಂತ. ಅವ್ರಿಗೆ ನಾನು ಮೊದ್ಲು ಹೇಳೋದು, ಇದು ಓದು ಹತ್ತದೇ ಇರೋರ ಲೈನ್ ಅಲ್ಲ, ಇಲ್ಲೂ ಲೆಕ್ಕ ಇದೆ, ಟ್ರಿಗನಾಮಿಟ್ರಿ ಇದೆ, ದಿನಾ ಡ್ರಾಯಿಂಗ್ ಓದ್ಬೇಕು. ಆದ್ರೆ ಎರಡು ವರ್ಷ ಪಿಯುಸಿ, ಆಮೇಲೆ ನಾಲ್ಕು ವರ್ಷ ಇಂಜಿನಿಯರಿಂಗ್, ಅದಕ್ಕೆ ಸಾಲ, ಇಷ್ಟೆಲ್ಲ ಆಗಲ್ಲ ಅನ್ನೋರಿಗೆ ಇದು ಒಳ್ಳೇ ದಾರಿ.

ನಾನು ಐಟಿಐ ಸೇರ್ದೆ, ಟರ್ನರ್ ಟ್ರೇಡ್, ಅಂದ್ರೆ ಲೇತ್ ಕೆಲಸ, ಎರಡು ವರ್ಷ. ಶುರುವಿನಲ್ಲಿ ಫೈಲಿಂಗೇ ಫೈಲಿಂಗು. ಕಬ್ಬಿಣದ (ಎಂಎಸ್) ಪೀಸ್ ವೈಸಿಗೆ ಕಟ್ಟಿ ಅರ ಹಾಕೋದು, ಮೂಲೆ ನೇರ ಇದ್ಯಾ ನೋಡೋ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯೋದು, ಸಂದೀಲಿ ಬೆಳಕು ಕಂಡ್ರೆ ಮತ್ತೆ ಉಜ್ಜೋದು. ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡೋ ಮೆಷಿನ್, ಬಂದ್ಮೇಲೂ ಇದೆಲ್ಲ ಯಾಕೆ ಅಂತ ಹುಡುಗ್ರು ಕೇಳ್ತಾರೆ, ಅಳತೆ ಮೇಲೆ ಮರ್ಯಾದೆ ಬರೋದೇ ಅಲ್ಲಿ ಕಣಪ್ಪ ಅಂತೀನಿ ನಾನು.

ಐಟಿಐ ಮುಗಿದ್ಮೇಲೆ ಸುಮಾರು ಜನ ಸೀದಾ ಕೆಲಸಕ್ಕೆ ಹೋಗ್ತಾರೆ, ಯಾಕಂದ್ರೆ ಅಪ್ರೆಂಟಿಸ್‌ಗೆ ಸಿಗೋದು ಸ್ಟೈಪೆಂಡ್, ಕೈಗೆ ಬರೋದು ಕಮ್ಮಿ. ನಾನು ಒಂದು ವರ್ಷ ಅಪ್ರೆಂಟಿಸ್‌ಶಿಪ್ ಮಾಡ್ದೆ, ಈಗ ಕೇಳಿದ್ರೂ ಅದನ್ನೇ ಮಾಡಿ ಅಂತೀನಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇರುತ್ತೆ, ಕೊನೇಲಿ ಪರೀಕ್ಷೆ ಪಾಸಾದ್ರೆ ದೇಶದಲ್ಲೆಲ್ಲ ನಡೆಯೋ ಸರ್ಟಿಫಿಕೇಟ್ ಸಿಗುತ್ತೆ. ಎಚ್ಎಎಲ್, ಬಿಇಎಲ್‌ನಂಥ ಕಡೇನೂ ಅಪ್ರೆಂಟಿಸ್ ತಗೋತಾರೆ. ಹುಷಾರಾಗಿರ್ಬೇಕಾದ್ದು ಒಂದೇ, ಟ್ರೈನಿಂಗ್ ಅಂತ ಹೇಳಿ ಒಪ್ಪಂದಾನೇ ಇಲ್ದೆ ಹೆಲ್ಪರ್ ಕೆಲಸ ಮಾಡಿಸ್ಕೊಳ್ಳೋ ಜಾಗಗಳೂ ಇವೆ, ಪೇಪರ್ ಕೈಗೆ ಕೊಡಲ್ಲ ಅಂದ್ರೆ ಹೋಗ್ಬೇಡಿ.

ಆಮೇಲೆ ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಚಿಕ್ಕ ಶಾಪಿಗೆ ಸಿಎನ್‌ಸಿ ಆಪರೇಟರ್ ಆಗಿ ಸೇರ್ಕೊಂಡೆ. ಮುಖ್ಯವಾಗಿ ಹೇಳ್ಬೇಕಾಗಿರೋದು ಈ ಭಾಗಾನೇ. ಜಾಬ್ (ಮಾಡ್ಬೇಕಾದ ಪಾರ್ಟ್) ಕಟ್ಟೋದು, ಸೈಕಲ್ ಸ್ಟಾರ್ಟ್ ಬಟನ್ ಒತ್ತೋದು, ಬಿಚ್ಚೋದು, ಇಷ್ಟನ್ನೇ ಮಾಡ್ಕೊಂಡು ಹತ್ತು ವರ್ಷ ಕಳೆದೋರು ಎಷ್ಟೋ ಜನ ಇದ್ದಾರೆ, ಅವ್ರ ಸಂಬಳಾನೂ ಅಲ್ಲೇ ನಿಂತಿರುತ್ತೆ. ಡಿಗ್ರಿ ಇಲ್ದೋರು ಬೆಳೀಬೇಕು ಅಂದ್ರೆ ಆಪರೇಟರ್‌ನಿಂದ ಸೆಟ್ಟರ್, ಅಂದ್ರೆ ಮೆಷಿನ್‌ನ ಜಾಬಿಗೆ ತಕ್ಕ ಹಾಗೆ ಸೆಟ್ ಮಾಡಿ ಸೈಜ್ ಹಿಡಿಯೋನು, ಆಗ್ಲೇಬೇಕು, ಆಮೇಲೆ ಪ್ರೋಗ್ರಾಮಿಂಗು.

ಉದಾಹರಣೆಗೆ ಡ್ರಾಯಿಂಗಲ್ಲಿ 25 ಎಚ್7 ಅಂತ ಇದೆ ಅಂದ್ಕೊಳ್ಳಿ, ಬೋರು, ಅಂದ್ರೆ ಒಳಗಿನ ತೂತು, 25.000ದಿಂದ 25.021 ಮಿಲಿಮೀಟರ್ ಒಳಗೇ ಬರ್ಬೇಕು, ಅಂದ್ರೆ ಆಟ ಆಡೋಕೆ ಇರೋದು 21 ಮೈಕ್ರಾನ್. ಬೆಳಿಗ್ಗೆ ಮೆಷಿನ್ ತಣ್ಣಗಿರುತ್ತೆ, ಓಡ್ತಾ ಓಡ್ತಾ ಬಿಸಿಯಾಗಿ ಸೈಜ್ ಸರಿಯುತ್ತೆ, ಇನ್ನೊಂದು ಕಡೆ ಇನ್ಸರ್ಟ್ (ಟೂಲ್ ತುದಿಯಲ್ಲಿ ಲೋಹ ಕಡಿಯೋ ತುಣುಕು) ಸವೆದ ಹಾಗೆ ಬೋರು ಸಣ್ಣ ಆಗ್ತಾ ಬರುತ್ತೆ. ಆಪರೇಟರ್ ಆದೋನು ಸೈಜ್ ಹೋಯ್ತು ಅಣ್ಣ ಅಂತ ಕೂಗ್ತಾನೆ, ಸೆಟ್ಟರ್ ಬೋರ್ ಗೇಜ್ ಹಾಕಿ ನೋಡಿ ವೇರ್ ಆಫ್‌ಸೆಟ್ಟಲ್ಲಿ (ಸವೆತಕ್ಕೆ ಸೈಜ್ ಸರಿ ಮಾಡೋ ನಂಬರ್) ಅಡ್ಡಳತೆಯ ಎಕ್ಸ್‌ಗೆ ಎಂಟೋ ಹತ್ತೋ ಮೈಕ್ರಾನ್ ಪ್ಲಸ್ ಕೊಡ್ತಾನೆ, ಇನ್ಸರ್ಟ್ ಬದಲಾಯಿಸಿದ್ರೆ ಆ ನಂಬರ್ ಸೊನ್ನೆ ಮಾಡಿ ಮೊದಲ ಪೀಸ್ ಹುಷಾರಾಗಿ ತೆಗೀತಾನೆ. ಯಾವಾಗ, ಯಾಕೆ, ಎಷ್ಟು ಅನ್ನೋದು ಗೊತ್ತಿದ್ರೆ ಅವ್ನೇ ಸೆಟ್ಟರ್.

ನಮ್ಮ ಶಾಪಿನ ಸೆಟ್ಟರ್ ಅಣ್ಣನ ಹತ್ರಾನೇ ನಾನು ಕಲ್ತಿದ್ದು. ಓಡ್ತಿರೋ ಪ್ರೋಗ್ರಾಂನ ನೋಟ್‌ಬುಕ್ಕಲ್ಲಿ ಕೈಯಲ್ಲಿ ಬರ್ಕೋತಿದ್ದೆ, ಮೆಷಿನ್ನಿಗೆ ಕೊಡೋ ಕೋಡ್‌ಗಳು, ಜಿ71 ರಫಿಂಗು, ಜಿ70 ಫಿನಿಶಿಂಗು, ಜಿ76 ಥ್ರೆಡ್ಡು, ಒಂದೊಂದು ಲೈನಿಗೂ ಟೂಲ್ ಎಲ್ಲಿಗೆ ಹೋಗುತ್ತೆ ಅಂತ ಪಕ್ಕದಲ್ಲಿ ಚಿತ್ರ. ಅವ್ರು ನೋಟ್‌ಬುಕ್ ನೋಡಿ, ಬಾಯಲ್ಲಿ ಹೇಳು ಆಮೇಲೆ ಮೆಷಿನ್ ಮುಟ್ಟು ಅಂತಿದ್ರು. ಹೊಸ ಜಾಬ್ ಮೊದಲ ಪೀಸಿಗೆ ಒಂದೊಂದೇ ಲೈನ್ ಓಡೋ ಹಾಗೆ ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ ವೇಗ ಕಮ್ಮಿ ಮಾಡಿ, ನಿಲ್ಲಿಸೋ ಫೀಡ್ ಹೋಲ್ಡ್ ಬಟನ್ ಮೇಲೆ ಬೆರಳಿಟ್ಟು ಸ್ಕ್ರೀನಲ್ಲಿ ಇನ್ನೆಷ್ಟು ದೂರ ಇದೆ ಅಂತ ನೋಡ್ತಾ ಇಳಿಸೋದು, ಈ ಅಭ್ಯಾಸ ಅವ್ರು ಹಾಕಿಕೊಟ್ಟಿದ್ದು, ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಕೆಲಸ ಹುಡುಕೋರಿಗೆ ನಾನು ಹೇಳೋದು, ಒಂದೇ ಪಾರ್ಟ್ ಲಕ್ಷಗಟ್ಟಲೆ ಓಡಿಸೋ ಕಡೆಗಿಂತ ವಾರಕ್ಕೆ ಹತ್ತು ತರ ಜಾಬ್ ಬರೋ ಚಿಕ್ಕ ಶಾಪು ಕಲಿಯೋಕೆ ವಾಸಿ, ಸಂಬಳ ಸ್ವಲ್ಪ ಕಮ್ಮಿ ಆದ್ರೂ.

ಐಟಿಐ ಒಂದೇ ಅಲ್ಲ. ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಟ್ರೈನಿಂಗ್ ಸೆಂಟರ್ ಜಿಟಿಟಿಸಿಯಲ್ಲಿ ಎಸ್ಎಸ್ಎಲ್‌ಸಿ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ ಅಲ್ಲಿ ಓದು, ಒಂದು ವರ್ಷ ಫ್ಯಾಕ್ಟ್ರೀಲಿ, ಸೀಟ್ ಸಿಕ್ರೆ ಕಣ್ಮುಚ್ಚಿ ಸೇರ್ಸಿ. ಪೀಣ್ಯದಲ್ಲಿ ಎನ್‌ಟಿಟಿಎಫ್ ಅಂತ ಇನ್ನೊಂದು ಟೆಕ್ನಿಕಲ್ ಟ್ರೈನಿಂಗ್ ಸಂಸ್ಥೆ ಇದೆ.

ದೊಡ್ಡ ಕಂಪನಿಗಳಲ್ಲಿ ಕೆಲವು ಪೋಸ್ಟಿಗೆ ಡಿಗ್ರಿ ಕೇಳೇ ಕೇಳ್ತಾರೆ, ಅದು ನಿಜ. ಆದ್ರೆ ಬಾಗಿಲು ಮುಚ್ಚಿಲ್ಲ. ಎರಡು ವರ್ಷದ ಐಟಿಐ ಮಾಡಿದ್ರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರ್ಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದ್ರೆ ಬಿಇ ಎರಡನೇ ವರ್ಷಕ್ಕೆ. ಓದ್ಬೇಕು ಅನ್ಸಿದಾಗ ಓದ್ಲಿ, ಕೈಯಲ್ಲಿ ಕೆಲಸ ಇಟ್ಕೊಂಡು.

ಐಟಿಐ ಸೇರ್ಸೋಕೆ ಮುಂಚೆ ಕೇಂದ್ರ ಸರ್ಕಾರದ ಮಾನ್ಯತೆ (ಹಳಬರು ಎನ್‌ಸಿವಿಟಿ ಅಂತಾರೆ) ಇದ್ಯಾ ಕೇಳಿ. ಆಮೇಲೆ ಆಫೀಸಲ್ಲೇ ಕೂತು ಬರ್ಬೇಡಿ, ವರ್ಕ್‌ಶಾಪ್ ಒಳಗೆ ಹೋಗಿ ಲೇತ್ ಕೆಳಗಿರೋ ಟ್ರೇ ನೋಡಿ. ಹೊಸ ಚಿಪ್ಸ್ ಬಿದ್ದಿದ್ರೆ ಪ್ರಾಕ್ಟಿಕಲ್ ನಡೀತಿದೆ ಅಂತ ಅರ್ಥ, ಬರೀ ಧೂಳು ಇದ್ರೆ ಬೇರೆ ಕಡೆ ವಿಚಾರ್ಸಿ.